ಫೈಲ್ ನಂಬರಿಲ್ಲದ ಮೇಲ್

ಮೂರನೆಯ ಸಲ ಒತ್ತಿದಾಗಲೂ ಪರದೆಯ ಮೇಲೆ ಅದೇ ಕೆಂಪು ಪಟ್ಟಿ ಬಂತು. ಸೂಫಿಯಾ ಅದರೊಳಗಿನ ಇಂಗ್ಲಿಷನ್ನು ಒಳಗೊಳಗೇ ಕೂಡಿಸಿ ಓದಿದಳು. ಸುರಕ್ಷಿತ ಸಂಪರ್ಕ ಸಾಧ್ಯವಾಗಲಿಲ್ಲ ಎಂದಿತ್ತು. ಬೆನ್ನ ಹಿಂದೆ ನಿಂತಿದ್ದ ಸೋದರಮಾವ ಅಬ್ದುಲ್ ಅಲೀಮ್ ಕನ್ನಡಕವನ್ನು ಮೇಲಕ್ಕೆ ತಳ್ಳಿ ಸ್ವಲ್ಪ ಹೊತ್ತು ನೋಡಿ, ಇನ್ನೊಂದು ಸಲ ಒತ್ತಲು ಹೇಳಿದರು. ಒತ್ತಿದಳು. ಪಟ್ಟಿ ಕದಲಲಿಲ್ಲ.

ಎರಡು ಸಾವಿರದ ಹದಿನೆಂಟರ ಜುಲೈ ಒಂದು, ಭಾನುವಾರ, ವಾರದ ಮೊದಲ ಕೆಲಸದ ದಿನ. ಕೊಲ್ಲಿ ದೇಶದ ಸತ್ವಾದಲ್ಲಿ ವೀಸಾ ಅರ್ಜಿ ತುಂಬಿಕೊಡುವ ಆ ಟೈಪಿಂಗ್ ಸೆಂಟರಿನ ಬಾಗಿಲು ತೆರೆದು ಅರ್ಧ ಗಂಟೆಯೂ ಆಗಿರಲಿಲ್ಲ. ಆಗಲೇ ಆರು ಜನ ಪಾಸ್‌ಪೋರ್ಟ್ ಹಿಡಿದು ಕುಳಿತಿದ್ದರು. ಮೊದಲನೆಯವಳು ಬೆಟ್ಟಿ. ಮಂಗಳೂರು ಕಡೆಯವಳು, ಊದ್ ಮೇಥಾದ ಶಾಲೆಯೊಂದರಲ್ಲಿ ಟೀಚರ್. ಅವಳ ಹೆಗಲ ಮೇಲೆ ಮಗು ನಿದ್ದೆಹೋಗಿತ್ತು. ಇಲ್ಲಿ ಹುಟ್ಟಿದ ಮಗುವಿಗೆ ನೂರಿಪ್ಪತ್ತು ದಿನದೊಳಗೆ ವೀಸಾ ಆಗಬೇಕು. ಗಂಡನ ಕಂಪನಿಯವರು ಪತ್ರ ಕೊಡಲು ಸತಾಯಿಸಿದ್ದರಿಂದ ಅದು ಕೊನೆಯ ದಿನಕ್ಕೆ ಬಂದು ನಿಂತಿತ್ತು. ಅರ್ಜಿ ಹೋಗಬೇಕಾದರೆ ಮೊದಲು ಆರೋಗ್ಯ ವಿಮೆಯ ಪತ್ರ ಬೇಕು. ವಿಮಾ ಕಂಪನಿಯ ಸರ್ವರಿನಿಂದ ಆ ಪತ್ರ ತರಿಸುವ ಪ್ರೋಗ್ರಾಮೇ ಈಗ ಹಟ ಹಿಡಿದು ಕೂತಿತ್ತು.

"ಇವತ್ತು ಆಗ್ತದಲ್ಲ?" ಎಂದಳು ಬೆಟ್ಟಿ. "ನಾಳೆ ಅಂದ್ರೆ ಇವ ಈ ದೇಶದಲ್ಲಿ ಕಳ್ಳ ಆಗ್ತಾನೆ ಮಾರಾಯ್ರೆ. ಬಾಯಲ್ಲಿ ಹಲ್ಲು ಸಹ ಬರ್ಲಿಲ್ಲ ಇನ್ನು."

ಕಾಯುತ್ತಿದ್ದವರಲ್ಲಿ ಕನ್ನಡ ತಿಳಿದಿದ್ದ ಒಬ್ಬರು ನಕ್ಕರು. ಅಲೀಮ್ ನಗಲಿಲ್ಲ. ನಿನ್ನೆ ಕೊನೆಗೆ ಇದನ್ನು ಮುಟ್ಟಿದ್ದು ಯಾರು ಎಂದು ಸೋದರಸೊಸೆಯನ್ನು ಮೆಲ್ಲಗೆ ಮನೆಮಾತಾದ ನವಾಯತಿಯಲ್ಲಿ ಕೇಳಿದರು. ಮುಟ್ಟುವವಳು ಅವಳೊಬ್ಬಳೇ ಎಂಬುದು ಇಬ್ಬರಿಗೂ ಗೊತ್ತಿತ್ತು.

ಸೂಫಿಯಾ ಭಟ್ಕಳದಲ್ಲಿ ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು. ಮಾವನ ಮನೆಗೆ ಬಂದ ಮೊದಲ ವರ್ಷ ಇಲ್ಲಿಗೆ ಊಟದ ಡಬ್ಬಿ ತರುವುದಷ್ಟೇ ಅವಳ ಕೆಲಸ. ಡಬ್ಬಿ ಖಾಲಿಯಾಗುವ ತನಕ ಮೂಲೆಯಲ್ಲಿ ನಿಂತು ಆಗಿನ ಟೈಪಿಸ್ಟನ ಬೆರಳುಗಳನ್ನು ನೋಡುತ್ತಿದ್ದಳು. ಅವನು ಕೆಲಸ ಬಿಟ್ಟು ಊರಿಗೆ ಹೋದ ದಿನ, ಯಾರೂ ಕೇಳದೆಯೇ ಹೋಗಿ ಅವನ ಕುರ್ಚಿಯಲ್ಲಿ ಕುಳಿತು ಒಂದು ಅರ್ಜಿ ತುಂಬಿದಳು. ಹಾಗೆ ಸಿಕ್ಕ ಕುರ್ಚಿ ಇದು. ಮಿರ್ದಿಫ್‌ನ ಅಕ್ಕನ ಮಗಳು ಸಫಾ ಬಿಕಾಂ ಮಾಡಿ ಮನೆಯಲ್ಲಿ ಕೂತಿದ್ದಾಳೆ, ಅವಳ ಇಂಗ್ಲಿಷ್ ನೀರು ಹರಿದ ಹಾಗೆ ಎಂದು ಅಲೀಮರ ಹೆಂಡತಿ ಸಕೀನ ಮಾಮಿ ಒಂದು ತಿಂಗಳಿಂದ ಊಟಕ್ಕೆ ಬಡಿಸುವಾಗೆಲ್ಲ ಹೇಳುತ್ತಿದ್ದರು. ಕುರ್ಚಿ ಹೋದರೆ ಉಳಿಯುವುದು ಮೂರು ಸಂಸಾರಗಳು ಹಂಚಿಕೊಂಡ ವಿಲ್ಲಾದ ಅಡುಗೆಮನೆ.

ಅಲೀಮ್ ಶಾಮಸುಂದರನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಕೌಂಟರಿನ ಮೇಲಿಟ್ಟರು. ಮೈಸೂರಿನವನು, ಅಬುಧಾಬಿಯ ಆಫೀಸೊಂದರಲ್ಲಿ ಕೆಲಸ. ಮೂರು ವರ್ಷದ ಹಿಂದೆ ಈ ಪ್ರೋಗ್ರಾಮನ್ನು ಬರೆದುಕೊಟ್ಟವನು ಅವನೇ. ತಿಂಗಳಿಗೊಂದು ಶುಕ್ರವಾರ ಬಂದು ಅದರ ಆರೈಕೆ ನೋಡಿ ಹೋಗುತ್ತಿದ್ದ. ಇಂಟರ್ನೆಟ್ ಇದೆಯೇ, ಬೇರೆ ಸೈಟುಗಳು ತೆರೆಯುತ್ತವೆಯೇ, ಕಂಪ್ಯೂಟರನ್ನು ಒಮ್ಮೆ ಮುಚ್ಚಿ ತೆರೆದಿರಾ ಎಂದೆಲ್ಲ ಕೇಳಿದ. ಎಲ್ಲ ಆಗಿತ್ತು. ತನ್ನ ಆಫೀಸಿನಿಂದ ಹೊರಗಿನ ಕಂಪ್ಯೂಟರುಗಳಿಗೆ ಸೇರುವಂತಿಲ್ಲ, ಅಲ್ಲಿಂದ ನೋಡಲಾಗದು ಎಂದ. ಕೊನೆಗೆ, ವಿಮಾ ಕಂಪನಿಯವರು ಈಚೆಗೆ ಏನಾದರೂ ಬರೆದಿದ್ದರೇ ಎಂದು ಕೇಳಿದ.

ಅಲೀಮ್ ಸೂಫಿಯಾಳ ಕಡೆ ತಿರುಗಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಆಡಿಸಿದ ಮೇಲೆ ನೆನಪಾಯಿತು.

ಟೈಪಿಂಗ್ ಸೆಂಟರಿನಲ್ಲಿ ಮೇಲ್ ಎಂದರೆ ಒಬ್ಬ ಮನುಷ್ಯ. ಮೇಲೆ ಫೈಲ್ ನಂಬರು, ಕೆಳಗೆ ಹೆಸರು. ನಂಬರಿದ್ದದ್ದನ್ನು ಅವಳು ಆ ಮನುಷ್ಯನ ಕಡತಕ್ಕೆ ಸೇರಿಸುತ್ತಿದ್ದಳು. ನಂಬರಿಲ್ಲದ್ದು, ಅಂದರೆ ಜಾಹೀರಾತು, ಹಬ್ಬದ ಶುಭಾಶಯ, ಯಾರದೋ ಹೊಸ ಆಫೀಸಿನ ವಿಳಾಸ, ಎಲ್ಲವೂ ಖಲಾಸ್ ಎಂದು ತಾನೇ ಹೆಸರಿಟ್ಟ ಒಂದು ಫೋಲ್ಡರಿಗೆ ಹೋಗುತ್ತಿದ್ದವು. ಹಿಂದೆ ಇದ್ದವನೂ ಹಾಗೆಯೇ ಮಾಡುತ್ತಿದ್ದ. ರಂಝಾನಿನ ಎರಡನೆಯ ವಾರ, ಉಪವಾಸದ ತಲೆಭಾರದಲ್ಲಿ, ವಿಮಾ ಕಂಪನಿಯ ಉದ್ದನೆಯ ಮೇಲೊಂದು ಬಂದಿತ್ತು. ಯಾರ ಹೆಸರೂ ಇರಲಿಲ್ಲ. ಜುಲೈ ಎಂಬುದೊಂದು ಕಣ್ಣಿಗೆ ಬಿದ್ದಿತ್ತು. ಅದನ್ನೂ ಖಲಾಸ್ ಫೋಲ್ಡರಿಗೆ ಹಾಕಿದ್ದಳು.

ಈಗ ಹೇಳಿದರೆ ತನ್ನ ಬಾಯಿಂದಲೇ ಸಫಾಳನ್ನು ಕರೆದಂತೆ. ಸುಮ್ಮನಿದ್ದರೆ ಹೇಗೋ ಸರಿಹೋದೀತು. ಅವಳ ಬೆರಳು ಕೀಲಿಮಣೆಯ ಅಂಚನ್ನು ಕೆರೆಯುತ್ತಿತ್ತು. ಒಮ್ಮೆ ಎದ್ದು ಪ್ರಿಂಟರಿಗೆ ಕಾಗದ ತುಂಬಿದಳು. ಅದು ತುಂಬಿಯೇ ಇತ್ತು. ಬೆಟ್ಟಿಯ ಮಗು ಎದ್ದು ಅಳತೊಡಗಿತು. ಬೆಟ್ಟಿ ಅದನ್ನು ಎತ್ತಿಕೊಂಡು ಬಾಗಿಲಿನಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ನಡೆದಾಡಿದಳು. ಹೊರಗೆ ಬಸ್ಸೊಂದು ಬಂದು ನಿಂತು ಹೋಯಿತು.

ಫೋನಿನಲ್ಲಿ ಶಾಮಸುಂದರ ಒಂದಾದ ಮೇಲೊಂದು ಉಪಾಯ ಹೇಳುತ್ತಲೇ ಇದ್ದ, ಒಂದೂ ನಾಟಲಿಲ್ಲ. ಗಂಟೆ ಹತ್ತಾಯಿತು. ಅಲೀಮರ ಸಹನೆ ಮುಗಿಯಿತು.

"ಸರ್, ನಿಮಗೆ ಆಗುದಿಲ್ಲಾಂದ್ರೆ ಹೇಳಿ. ಬೇರೆಯವರ ಹತ್ರ ಹೊಸದೇ ಮಾಡಿಸ್ತೇನೆ. ನಿಮ್ಮದು ಖಲಾಸ್."

"ಒಂದೈದು ನಿಮಿಷ ಕೊಡಿ ಅಲೀಮ್ ಭಾಯ್, ಎಲ್ಲಿ ತಪ್ಪಿದೀನಿ ಅಂತ ನೋಡ್ತೀನಿ" ಎಂದ ಶಾಮಸುಂದರ. ಆ ದನಿ ಪರೀಕ್ಷೆಯಲ್ಲಿ ಉತ್ತರ ತೋಚದ ಹುಡುಗನ ದನಿಯಂತಿತ್ತು. ಸೂಫಿಯಾಳಿಗೆ ಕುಳಿತಲ್ಲಿ ಕೂರಲಾಗಲಿಲ್ಲ.

ಇಬ್ಬರು ಗಿರಾಕಿಗಳು ಎದ್ದು ಹೊರಟರು. ಅವರನ್ನು ತಡೆಯಲು ಅಲೀಮ್ ಬಾಗಿಲಾಚೆ ಹೋದರು. ಸೂಫಿಯಾ ಫೋನಿನ ಮೇಲೆ ಬಗ್ಗಿದಳು.

"ಸರ್, ಒಂದು ಮೇಲ್ ಉಂಟು. ಓದ್ಲಾ?"

"ಓದಮ್ಮ."

ಅವಳು ಓದಿದಳು. ಗೊತ್ತಿದ್ದ ಶಬ್ದಗಳನ್ನು ಶಬ್ದವಾಗಿ, ಗೊತ್ತಿಲ್ಲದ್ದನ್ನು ಅಕ್ಷರ ಬಿಡಿಸಿ. ಟಿ, ಎಲ್, ಎಸ್ ಎಂದು ಒಂದು ಕಡೆ ಬಂದಾಗ ಅವನು, "ಅದರ ಮುಂದೆ ನಂಬರ್ ಏನಿದೆ?" ಎಂದ. ಒಂದು ಪಾಯಿಂಟ್ ಸೊನ್ನೆ ಎಂದಳು. ಜುಲೈ ಒಂದನೆಯ ತಾರೀಕಿನಿಂದ ಅದನ್ನು ಒಪ್ಪುವುದಿಲ್ಲ, ಒಂದು ಪಾಯಿಂಟ್ ಎರಡು ಮಾತ್ರ ಎಂದು ಬರೆದಿತ್ತು.

"ಅಯ್ಯೋ, ನಾನೇ ಕಟ್ಟಿಹಾಕಿದ್ದು" ಎಂದ ಶಾಮಸುಂದರ.

ಸರ್ವರಿನೊಂದಿಗೆ ಮಾತಾಡಲು ಪ್ರೋಗ್ರಾಮು ಒಂದು ಲೈಬ್ರರಿಯನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, ಬಳಸುತ್ತದೆ. ಟಿ, ಎಲ್, ಎಸ್ ಎಂಬ ಸುರಕ್ಷತೆಯ ಭಾಷೆಯ ಯಾವ ಆವೃತ್ತಿಯಲ್ಲಿ ಮಾತಾಡಬೇಕೆಂದು ಅದಕ್ಕೆ ಮೊದಲೇ ಹೇಳಿಡಬೇಕು ಎಂದು ವಿವರಿಸಿದ. ಮೂರು ವರ್ಷದ ಹಿಂದೆ ಆ ಕಂಪನಿಯ ಹಳೆಯ ಸರ್ವರಿಗೆ ಒಂದು ಪಾಯಿಂಟ್ ಸೊನ್ನೆ ಬಿಟ್ಟು ಬೇರೆ ಆಗುತ್ತಿರಲಿಲ್ಲ. ಅದೊಂದೇ ಸಾಕೆಂದು ಬರೆದವನು ಆಮೇಲೆ ಮರೆತಿದ್ದ. ಈಗ ಆ ಸಾಲನ್ನು ಅವಳೇ ತಿದ್ದಬೇಕು.

ಅವನು ಹೇಳಿದ ಫೈಲನ್ನು ಅವಳು ತೆರೆದಳು. ತುಂಬ ಸಾಲುಗಳಿದ್ದವು, ಯಾವುದೂ ಅರ್ಜಿಯ ಹಾಗಿರಲಿಲ್ಲ. ಕೊನೆಗೂ ಹುಡುಕಿ ಸೊನ್ನೆ ಅಳಿಸಿ ಎರಡು ಹಾಕಿದಳು. ಬೇರೆ ಯಾವ ಅಕ್ಷರಕ್ಕೂ ಬೆರಳು ತಾಗದಂತೆ ಉಸಿರು ಹಿಡಿದಿದ್ದಳು. ಶುಕ್ರವಾರಗಳಲ್ಲಿ ಅವನು ಇಂಥದ್ದೇನು ಮಾಡಿದರೂ ಪ್ರೋಗ್ರಾಮನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯುವುದನ್ನು ನೋಡಿದ್ದಳು. ಅವನು ಹೇಳುವ ಮೊದಲೇ ಮುಚ್ಚಿ, ತೆರೆದು, ಬೆಟ್ಟಿಯ ಮಗುವಿನ ಹೆಸರು ಹಾಕಿ ಒತ್ತಿದಳು.

ಪ್ರಿಂಟರ್ ಗರಗರ ಎಂದಿತು.

ಬೆಟ್ಟಿ ಕಾಗದವನ್ನು ಬಿಸಿಬಿಸಿಯಾಗಿಯೇ ಎಳೆದುಕೊಂಡಳು. ಸದ್ದಿಗೆ ಅಲೀಮ್ ಒಳಗೆ ಬಂದರು. ಎಂತ ಆಗಿತ್ತೆಂದು ಫೋನಿಗೆ ಕೇಳಿದರು.

"ತಪ್ಪು ನಂದೇ ಅಲೀಮ್ ಭಾಯ್" ಎಂದ ಶಾಮಸುಂದರ. "ಹಳೇದೊಂದು ಸಾಲು ಹಾಗೇ ಬಿಟ್ಟಿದ್ದೆ. ಕಂಪನಿಯೋರು ಮುಂಚೆ ಹೇಳಿದ್ರೆ ಗೊತ್ತಾಗೋದು."

ಅಷ್ಟಕ್ಕೇ ಮುಗಿಸಿಬಿಡಬಹುದಿತ್ತು.

"ಹೇಳಿದ್ರು" ಎಂದಳು ಸೂಫಿಯಾ. ಉಳಿದಿದ್ದ ನಾಲ್ವರೂ ಕೇಳುವಷ್ಟು ಗಟ್ಟಿಯಾಗಿ ಬಂದ ತನ್ನ ದನಿಗೆ ತಾನೇ ಬೆಚ್ಚಿದಳು. "ಮೇಲ್ ಬಂದಿತ್ತು ಮಾಮ. ನಾನೇ ಬೇಡದ್ದರ ಜೊತೆ ಹಾಕಿದ್ದು."

"ನನಗ್ಯಾಕೆ ತೋರಿಸ್ಲಿಲ್ಲ?"

ಅವಳು ಅವರ ಮುಖ ನೋಡಿದಳು. ಒಂದು ಸಾಲಿನ ಮೇಲಾಗಲಿ ಎರಡು ಪುಟದ ಮೇಲಾಗಲಿ ಅವರ ಕಣ್ಣು ನಿಲ್ಲುವುದು ಒಂದೇ ಹೊತ್ತು ಎಂಬುದನ್ನು ಅವಳು ಬಂದ ಮೊದಲ ವಾರವೇ ಗಮನಿಸಿದ್ದಳು. ಅರ್ಜಿಯಲ್ಲಿ ಯಾವ ಚೌಕಕ್ಕೆ ಯಾವ ಮಾಹಿತಿ ಎಂದು ಸ್ಥಳ ನೋಡಿ ಹೇಳಬಲ್ಲರು, ಓದಿ ಹೇಳಲಾರರು. ಅದನ್ನು ಅವಳು ಮಾಮಿಯ ಮುಂದೆಯೂ ಆಡಿದವಳಲ್ಲ.

"ಮರೆತೆ" ಎಂದಳು.

ಅಲೀಮ್ ಫೋನ್ ಇಟ್ಟರು. ಮುಂದಿನ ಗಿರಾಕಿಯನ್ನು ಕರೆದರು. ಮಧ್ಯಾಹ್ನದ ತನಕ ಅವಳು ಟೈಪ್ ಮಾಡುತ್ತಲೇ ಇದ್ದಳು. ಅವರು ಎದ್ದಾಗೆಲ್ಲ, ಮಿರ್ದಿಫ್‌ಗೆ ಫೋನ್ ಮಾಡಲು ಎದ್ದರು ಎಂದೇ ಅವಳು ಬೆರಳು ನಿಲ್ಲಿಸಿ ಕಿವಿಗೊಡುತ್ತಿದ್ದಳು. ಝೊಹರ್ ನಮಾಝಿಗೆ ಹೋದವರು ಎಂದಿಗಿಂತ ತಡವಾಗಿ ಬಂದರು. ಗಿರಾಕಿಗಳು ಕೂರುವ ಸೋಫಾ ಖಾಲಿಯಾಗಿತ್ತು. ಅವರು ಒಂದು ಸ್ಟೂಲನ್ನು ಎಳೆದುಕೊಂಡು ಕೌಂಟರಿನ ಈಚೆ, ಅವಳ ಪಕ್ಕಕ್ಕೆ ಬಂದು ಕುಳಿತರು. ಯಾವತ್ತೂ ಅಲ್ಲಿ ಕೂತವರಲ್ಲ.

"ಇವತ್ತು ಬಂದದ್ದು ಓದು" ಎಂದರು ನವಾಯತಿಯಲ್ಲಿ. "ನಂಬರಿಲ್ಲದ್ದು. ದೊಡ್ಡಕೆ."

ಬಂದಿದ್ದು ಒಂದೇ. ಮಂಗಳವಾರ ಕಟ್ಟಡದ ಎಸಿ ಕೊಳವೆಗಳನ್ನು ತೊಳೆಯುತ್ತಾರೆಂಬ ಸೂಚನೆ. ಅವಳು ತಡವರಿಸುತ್ತ ಓದಿದಳು, ಸಾಲು ಮುಗಿದಾಗೆಲ್ಲ ಅರ್ಥ ಹೇಳಿದಳು. ಅವರು ತಲೆ ಬಗ್ಗಿಸಿ ಕೇಳಿದರು. ಗಾಜಿನ ಬಾಗಿಲು ತಳ್ಳಿ ಯಾರೋ ಒಂದು ಕಾಲು ಒಳಗಿಟ್ಟರು. ಅಲೀಮ್ ಅತ್ತ ನೋಡದೆಯೇ ಕೈ ಎತ್ತಿ, ಸ್ವಲ್ಪ ನಿಲ್ಲಿ ಎಂಬಂತೆ ಹಿಡಿದರು. ಅವಳು ಕೆಳಗಿನ ಫೋನ್ ನಂಬರಿನ ಕೊನೆಯ ಅಂಕಿ ಓದಿ ಮುಗಿಸುವ ತನಕ ಆ ಕೈ ಹಾಗೆಯೇ ಇತ್ತು.