ಒಂದು ಬೆರಳು ಬಟ್ಟೆ

ಹೆಬ್ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಟೈಲರಮ್ಮ ಅತ್ತೆಯ ಇನ್ನೊಂದು ಕಾಲನ್ನೂ ಒತ್ತಿ ನೋಡಿದಳು. ಅಲ್ಲೂ ಅದೇ ಕಥೆ. ಪಾದದ ಚರ್ಮ ಬಿಗಿದು ಹೊಳೆಯುತ್ತಿತ್ತು. ನಿನ್ನೆ ಹಾಕಿದ್ದ ಚಪ್ಪಲಿಗೆ ಇವತ್ತು ಕಾಲು ತೂರುತ್ತಿರಲಿಲ್ಲ.

"ನಿಜ ಹೇಳಿ ಅತ್ತೆ. ಬಾವಿ ನೀರು ಕುಡಿದ್ರಾ?"

"ಅಯ್ಯೋ, ನಾನ್ಯಾಕೆ ಕುಡೀಲಿ?"

"ಮತ್ತೆ ಈ ಬಾವು ಎಲ್ಲಿಂದ ಬಂತು? ಡಾಕ್ಟರು ಏನಂದ್ರು? ಕಿಡ್ನಿ ಅರ್ಧ ಹೋಗಿದೆ, ಇನ್ನೂ ಉಪ್ಪುನೀರು ಕುಡಿದ್ರೆ ಉಳಿದರ್ಧವೂ ಹೋಗುತ್ತೆ ಅನ್ನಲಿಲ್ವಾ?"

"ನಂಗೂ ಕಿವಿ ಇದೆ. ನಾನೂ ಅಲ್ಲೇ ಕೂತಿದ್ದೆ," ಎಂದು ಅತ್ತೆ ಕಾಲು ಹಿಂದಕ್ಕೆಳೆದುಕೊಂಡರು.

ಆ ಬೀದಿಯ ಬಾವಿಗಳೆಲ್ಲ ಉಪ್ಪು. ಹುಟ್ಟಿದಾಗಿನಿಂದ ಕುಡಿದವರಿಗೆ ಅದು ಉಪ್ಪು ಎನ್ನುವುದೇ ಮರೆತುಹೋಗಿತ್ತು. ಅತ್ತೆಯ ಕಿಡ್ನಿಗೆ ಮಾತ್ರ ಮರೆತಿರಲಿಲ್ಲ. ಹಾಗಾಗಿ ನೀರಿನ ಇಲಾಖೆಯ ಇಂಜಿನಿಯರ್ ಪರೀಕ್ಷೆಗೆಂದು ಬೀದಿಗೊಂದು ಬಿಸಿಲ ಪೆಟ್ಟಿಗೆ ಕೊಡುತ್ತೇನೆ ಎಂದಾಗ, ಟೈಲರಮ್ಮ ಹೊಲಿಗೆ ಯಂತ್ರ ಬಿಟ್ಟು ಓಡಿಹೋಗಿ ಅದನ್ನು ತನ್ನ ಅಂಗಳಕ್ಕೆ ತಂದಿದ್ದಳು. ಕಪ್ಪು ಬಣ್ಣ ಬಳಿದ ತಗಡಿನ ತಟ್ಟೆ, ಅದರ ಮೇಲೆ ಓರೆಯಾಗಿ ಕೂರಿಸಿದ ಗಾಜು, ಅಷ್ಟೇ. ತಟ್ಟೆಗೆ ಬಾವಿ ನೀರು ಹಾಕಬೇಕು. ಬಿಸಿಲಿಗೆ ಅದು ಹಬೆಯಾಗಿ ಗಾಜಿಗೆ ಹತ್ತಿ, ಹನಿಹನಿಯಾಗಿ ಕೆಳಗೆ ಜಾರಿ, ಅಂಚಿನುದ್ದಕ್ಕೂ ಇರುವ ತಗಡಿನ ದೋಣಿಗೆ ಇಳಿದು, ಕೊಳವೆಯಿಂದ ಡಬ್ಬಿಗೆ ಬರುತ್ತದೆ. ಉಪ್ಪು ತಟ್ಟೆಯಲ್ಲೇ ಉಳಿಯುತ್ತದೆ.

ಬರುತ್ತಿದ್ದದ್ದು ದಿನಕ್ಕೆ ಮೂರು ಲೀಟರು. ಐದು ಬಂದರೆ ನಲವತ್ತು ಮನೆಗೆ ಕೊಡಿಸುತ್ತೇನೆ ಎಂದು ಇಂಜಿನಿಯರ್ ಹೇಳಿದ್ದ. ಬಕೆಟ್ಟಿನ ನೀರು ಆರುವುದಕ್ಕಿಂತ ಒದ್ದೆ ಬಟ್ಟೆ ಬೇಗ ಆರುತ್ತದೆ ಎಂಬುದು ಟೈಲರಮ್ಮನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮೂರು ವಾರದ ಹಿಂದೆ ಕಪ್ಪು ಹತ್ತಿ ಬಟ್ಟೆ ಕತ್ತರಿಸಿ ತಟ್ಟೆಯ ತುಂಬ ಹಾಸಿದಳು. ಮಾರನೆಯ ದಿನವೇ ಡಬ್ಬಿಯಲ್ಲಿ ಐದೂವರೆ ಲೀಟರು! ಆ ಖುಷಿಗೆ ಅವತ್ತು ಒಂದು ರವಿಕೆಯ ತೋಳನ್ನು ತಿರುಗುಮುರುಗಾಗಿ ಹೊಲಿದುಬಿಟ್ಟಿದ್ದಳು.

"ನೀನು ಕೊಟ್ಟ ನೀರು ಬಿಟ್ಟು ಬೇರೆ ಹನಿ ಬಾಯಿಗೆ ಹಾಕಿಲ್ಲ," ಎಂದರು ಅತ್ತೆ. "ಮೊದಲು ಕದ್ದು ಕುಡಿದಿದ್ದೆ, ಸುಳ್ಳು ಹೇಳಲ್ಲ. ಆಗ ನೀರು ಸಪ್ಪೆ, ಗಂಟಲಲ್ಲೇ ಇಳೀತಿರಲಿಲ್ಲ. ಈಗ್ಯಾಕೆ ಕದೀಲಿ? ನೀನು ಬಟ್ಟೆ ಹಾಸಿದ ಮೇಲೆ ಎಷ್ಟು ರುಚಿ ಬಂದಿದೆ!"

ಮೂರು ವಾರದಿಂದ ಈ ಮಾತು ಕೇಳಿ ಟೈಲರಮ್ಮ ಉಬ್ಬಿಹೋಗಿದ್ದಳು. ಬಂದವರಿಗೆಲ್ಲ ಹೇಳಿಕೊಂಡಿದ್ದಳು. ಇವತ್ತು ಅದೇ ಮಾತು ಕೇಳಿ ದಡಕ್ಕನೆ ಎದ್ದು ನಿಂತಳು. ಹಬೆಯಾಗಿ ಬಂದ ನೀರಿಗೆ ರುಚಿ ಎಲ್ಲಿಂದ ಬರಬೇಕು?

ಅತ್ತೆಗೆಂದು ಒಳಗೆ ತುಂಬಿಟ್ಟ ನೀರಿನಿಂದ ಒಂದು ಗುಟುಕು ಕುಡಿದಳು. ಏನೂ ಗೊತ್ತಾಗಲಿಲ್ಲ. ಬಾವಿ ನೀರಿನಲ್ಲಿ ಬೆಳೆದ ನಾಲಿಗೆ, ಅದರ ಸಾಕ್ಷಿ ಯಾರಿಗೆ ಬೇಕು? ಇಸ್ತ್ರಿ ಪೆಟ್ಟಿಗೆ ಕಾಯಿಸಿ, ಮಗುಚಿ ಹಿಡಿದು, ಬೆರಳಲ್ಲಿ ನಾಲ್ಕು ಹನಿ ಬಿಟ್ಟಳು. ಚುರ್ ಎಂದು ನೀರು ಆರಿತು. ಆರಿದ ಜಾಗದಲ್ಲಿ ನಾಲ್ಕು ಬಿಳಿ ಉಂಗುರ ಉಳಿದವು.

ಅವಳು ಅಂಗಳಕ್ಕೆ ಬಂದಾಗ ಮೈದುನ ಪೆಟ್ಟಿಗೆಯ ಗಾಜು ಒರೆಸುತ್ತಿದ್ದ. ತಗಡಿನ ಕೆಲಸದವನು, ಇಲಾಖೆಗೆ ಈ ಪೆಟ್ಟಿಗೆ ಬೆಸೆದು ಕೊಟ್ಟವನು ಅವನೇ. ನಲವತ್ತು ಪೆಟ್ಟಿಗೆ ಮಂಜೂರಾದರೆ ಮಾಡುವವನೂ ಅವನೇ.

"ಗಾಜು ಎತ್ತು."

"ಈಗ್ಲಾ? ಇನ್ನರ್ಧ ಗಂಟೆಗೆ ಇಂಜಿನಿಯರ್ ಬರ್ತಾರೆ ಅತ್ತಿಗೆ. ಒಳಗಿನ ಹಬೆಯೆಲ್ಲ ಹೋಗುತ್ತೆ."

"ಹೋಗ್ಲಿ. ಎತ್ತು."

ಅವನು ಗಾಜು ಎತ್ತಿ, ಹಬೆ ಸರಿದಾಗ ಎಲ್ಲವೂ ಕಣ್ಣಿಗೆ ಬಿತ್ತು. ಬಟ್ಟೆ ತಟ್ಟೆಯ ಅಂಚನ್ನು ದಾಟಿ, ಉದ್ದಕ್ಕೂ ಒಂದು ಬೆರಳಿನಷ್ಟು ದೋಣಿಯೊಳಕ್ಕೆ ಇಳಿಬಿದ್ದಿತ್ತು. ಅದರ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಬೆಯ ನೀರಲ್ಲ. ಬಟ್ಟೆ ತಟ್ಟೆಯಿಂದ ಹೀರಿ ಆಚೆ ಬದಿಗೆ ಸುರಿಯುತ್ತಿದ್ದ ಉಪ್ಪುನೀರು.

ಕತ್ತರಿಸಿದ್ದು ಅವಳೇ. ಇಪ್ಪತ್ತೆರಡು ವರ್ಷದ ಅಭ್ಯಾಸ. ಜನ ದಪ್ಪಗಾಗುತ್ತಾರೆ, ಮಕ್ಕಳು ಉದ್ದವಾಗುತ್ತಾರೆ, ಆಮೇಲೆ ಬಿಚ್ಚಿ ಹೊಲಿಯಲು ಇರಲಿ ಎಂದು ಯಾವ ಬಟ್ಟೆಗಾದರೂ ಒಂದು ಬೆರಳು ಹೆಚ್ಚು ಬಿಟ್ಟೇ ಕತ್ತರಿ ಹಾಕುವ ಕೈ ಅದು. ತಗಡಿನ ತಟ್ಟೆ ದಪ್ಪಗಾಗುವುದಿಲ್ಲ ಎಂದು ಆ ಕೈಗೆ ಹೊಳೆದಿರಲಿಲ್ಲ.

ಮೈದುನ ಬಗ್ಗಿ ನೋಡಿದ. ಅವನಿಗೂ ಅರ್ಥವಾಯಿತು. ಸುತ್ತ ಒಮ್ಮೆ ನೋಡಿ ಗಾಜನ್ನು ಮೆಲ್ಲಗೆ ಇಳಿಸಿದ.

"ಇವತ್ತು ಅಳೆದ್ಕೊಂಡು ಹೋಗ್ಲಿ ಅತ್ತಿಗೆ. ನಾಳೆ ಕತ್ತರಿಸೋಣ. ಆ ಬೆರಳು ನಾವಿಬ್ರೇ ನೋಡಿದ್ದು."

"ಬಟ್ಟೆ ಸರಿಯಾಗಿ ಹಾಸಿದ್ರೆ ಹೆಚ್ಚೆಂದ್ರೆ ನಾಲ್ಕು ಬರುತ್ತೆ. ಐದೂವರೆ ಅಂತ ಬರೆಸೋದಾ?"

"ಪೆಟ್ಟಿಗೆ ಕೈಗೆ ಬರ್ಲಿ. ಆಮೇಲೆ ಎಲ್ಲದಕ್ಕೂ ಸರಿಯಾಗಿ ಹಾಸಿ ಕೊಡೋಣ. ನಾಲ್ಕಾದ್ರೂ ಜನಕ್ಕೆ ಸಿಗುತ್ತಲ್ಲ? ನೀವು ಬಾಯಿಬಿಟ್ರೆ ಒಂದೂ ಇಲ್ಲ."

ಅದು ದುಷ್ಟರ ಮಾತಾಗಿರಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಜೀಪು ನಿಂತಿತು.

ಇಂಜಿನಿಯರ್ ಒಳ್ಳೆಯ ಹುಮ್ಮಸ್ಸಿನಲ್ಲಿದ್ದ. ನಿನ್ನೆ ಬೆಳಗಿನಿಂದ ಡಬ್ಬಿಗೆ ಇಳಿದ ನೀರನ್ನು ಅಳತೆಯ ಜಾಡಿಗೆ ಸುರಿದು, ಕೂತು, ಕಣ್ಣು ಗೆರೆಯ ಮಟ್ಟಕ್ಕೆ ತಂದು ನೋಡಿದ. ಉಪ್ಪು ಅಳೆಯುವ ಮೀಟರನ್ನು ಅವನು ಪೆಟ್ಟಿಗೆ ಕೊಟ್ಟ ಮೊದಲ ವಾರ, ಬಟ್ಟೆ ಹಾಸುವ ಮುಂಚೆ, ತಂದಿದ್ದ. ಆಗ ಉಪ್ಪಿನ ಸುಳಿವೂ ಇರಲಿಲ್ಲ. ಆಮೇಲೆ ಮೀಟರು ಜೀಪಿನಲ್ಲೇ ಉಳಿದಿತ್ತು.

"ಐದೂವರೆ! ಒಂದು ಹನಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಟೈಲರಮ್ಮ, ನಾವೆಲ್ಲ ಓದಿದ್ದು ದಂಡ ಬಿಡಿ." ಅವನು ಪುಸ್ತಕದಲ್ಲಿ ಬರೆದುಕೊಂಡ. ಪೆಟ್ಟಿಗೆ ಮಂಜೂರಾತಿಯ ಪಟ್ಟಿ ನಾಳೆಯೇ ಮೇಲಿನ ಕಚೇರಿಗೆ ಹೋಗಬೇಕಿತ್ತು. "ಎಲ್ಲಿ ಅಜ್ಜಿ? ಅವರು ಕುಡಿಯೋದೊಂದು ಫೋಟೊ ಬೇಕು."

ಅತ್ತೆ ಗೋಡೆ ಹಿಡಿದು ಹೊರಗೆ ಬಂದರು. ಬೆಳಗಿನ ಜಗಳದ ಮುನಿಸು ಮುಖದಲ್ಲಿ ಇನ್ನೂ ಇತ್ತು. ಆದರೂ ಸೊಸೆಯ ಕೆಲಸವನ್ನು ಹೊರಗಿನವರು ಹೊಗಳುವಾಗ ಬಿಟ್ಟುಕೊಡುವವರಲ್ಲ. ಇಂಜಿನಿಯರ್ ಲೋಟ ತುಂಬಿ ಕೊಟ್ಟ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ತುಟಿಯವರೆಗೆ ತಂದರು. ಮೈದುನ ನೆಲ ನೋಡುತ್ತಿದ್ದ.

"ಕುಡೀಬೇಡಿ ಅತ್ತೆ!"

ಅಷ್ಟು ಜೋರಾಗಿ ಕೂಗಿದ್ದು ತಾನೇ ಎಂದು ಟೈಲರಮ್ಮನಿಗೆ ಆಮೇಲೆ ಗೊತ್ತಾಯಿತು. ಹೋಗಿ ಲೋಟ ಕಿತ್ತುಕೊಂಡಳು. ಅರ್ಧ ನೀರು ಇಬ್ಬರ ಮೈಮೇಲೂ ಚೆಲ್ಲಿತು.

"ಇದು ಉಪ್ಪುನೀರು ಸಾರ್. ನಾನು ಬಟ್ಟೆ ಉದ್ದ ಬಿಟ್ಟಿದ್ದೀನಿ. ದೋಣಿಗೆ ಬಾವಿ ನೀರೇ ಇಳೀತಿದೆ. ಮೂರು ವಾರದಿಂದ ಇವರಿಗೆ ನಾನೇ ಕೈಯಾರೆ ಕುಡಿಸ್ತಿದ್ದೀನಿ."

ಇಂಜಿನಿಯರ್ ಜೀಪಿಗೆ ಹೋಗಿ ಮೀಟರು ತಂದ. ಜಾಡಿಯಲ್ಲಿ ಅದ್ದಿದ. ಅಂಕಿಗಳು ಏರುತ್ತ ಹೋದವು. ಅಂಕಿ ನಿಂತ ಮೇಲೆ ಅವನು ಮೀಟರು ಒರೆಸಿ ಕೆಳಗಿಟ್ಟ.

"ನಾನೂ ಪ್ರತಿ ವಾರ ಉಪ್ಪು ಅಳೀಬೇಕಿತ್ತು," ಎಂದ. ಪುಸ್ತಕ ತೆರೆದು ಐದೂವರೆಯ ಮೇಲೆ ಗೆರೆ ಎಳೆದ. "ಈ ಸಲದ ಪಟ್ಟಿಗೆ ಆಗಲ್ಲ ಟೈಲರಮ್ಮ. ಬಟ್ಟೆ ಸರಿ ಮಾಡಿದ್ರೂ ನಾಲ್ಕರ ಮೇಲೆ ಬರಲ್ಲ, ನಾಲ್ಕಕ್ಕೆ ಅವರು ಒಪ್ಪಲ್ಲ."

"ಗೊತ್ತು ಸಾರ್."

ಮೈದುನ ಗಾಜು ಎತ್ತಿ ಹಿಡಿದ. ಅವಳು ಕತ್ತರಿ ತಂದು ಅಂಚಿನುದ್ದಕ್ಕೂ ಕತ್ತರಿಸಿದಳು. ಆತುರಕ್ಕೆ ಎರಡು ಕಡೆ ಸೊಟ್ಟಗಾಯಿತು. ಅಂಥ ಕೆಲಸವನ್ನು ಗಿರಾಕಿಗೆ ತೋರಿಸುವವಳಲ್ಲ ಅವಳು. ಇಂಜಿನಿಯರ್ ಆ ಕಪ್ಪು ಪಟ್ಟಿಯನ್ನು ಎತ್ತಿಕೊಂಡು, ಹಿಂಡಿ, ಪುಸ್ತಕದ ನಡುವೆ ಇಟ್ಟುಕೊಂಡ. ಅಜ್ಜಿಯನ್ನು ಆಸ್ಪತ್ರೆಗೆ ಬಿಡುತ್ತೇನೆ, ಒಂದು ಗಂಟೆಯಲ್ಲಿ ಬರುತ್ತೇನೆ ಎಂದು ಹೇಳಿ ಹೋದ.

ದೋಣಿ ತೊಳೆದರು, ಕೊಳವೆ ತೊಳೆದರು, ಡಬ್ಬಿಯನ್ನು ಒರೆಸಿ ಇಟ್ಟರು. ಗಾಜು ಮತ್ತೆ ಕೂತಿತು. ಮನೆಯಲ್ಲೀಗ ಅತ್ತೆ ಕುಡಿಯಬಹುದಾದ ನೀರು ಒಂದು ಹನಿಯೂ ಇರಲಿಲ್ಲ. ಬೆಳಗಿನಿಂದ ಅವರು ಏನೂ ಕುಡಿದಿರಲಿಲ್ಲ ಎಂಬುದು ಟೈಲರಮ್ಮನಿಗೆ ಆಗ ನೆನಪಾಯಿತು. ಒಣಗಿದ ತುಟಿಯನ್ನು ನಾಲಿಗೆಯಲ್ಲಿ ಸವರಿಕೊಳ್ಳುತ್ತ ಅತ್ತೆ ಸ್ಟೂಲೊಂದನ್ನು ಪೆಟ್ಟಿಗೆಯ ಹತ್ತಿರ ಎಳೆದುಕೊಂಡು ಕೂತರು.

"ತಪ್ಪಾಯ್ತು ಅತ್ತೆ. ನಿಮ್ಮನ್ನೇ ಕಳ್ಳಿ ಅಂದುಬಿಟ್ಟೆ."

"ಎಷ್ಟು ಹೊತ್ತಾಗುತ್ತೆ?"

"ಒಂದು ಲೋಟಕ್ಕೆ... ಒಂದು ಗಂಟೆ ಬೇಕು."

ಅತ್ತೆ ತಲೆಯಾಡಿಸಿದರು. ಬಿಸಿಲು ನೇರ ಅವರ ಮುಖಕ್ಕೆ ಹೊಡೆಯುತ್ತಿತ್ತು. ಅದು ನೋಡಲಾರದೆ ಟೈಲರಮ್ಮ ಸರಿದು, ತನ್ನ ನೆರಳು ಅವರ ಮೇಲೆ ಬೀಳುವಂತೆ ನಿಂತಳು.

"ಪಕ್ಕಕ್ಕೆ ನಿಂತ್ಕೋ ಮಗಳೇ," ಎಂದರು ಅತ್ತೆ. "ಗಾಜಿಗೆ ಅಡ್ಡ ಆಗ್ತಿದೆ."