ಬದಲಿ ಬಾರದ ಕಾವಲು

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ರಾಜಧಾನಿ ಅಕ್ರಾದ ಅಕಾಡೆಮಿಯಲ್ಲಿ ತರಬೇತಿ ಮುಗಿಸಿ, ಹೆಗಲ ಮೇಲೆ ಒಂಟಿ ನಕ್ಷತ್ರ ಹೊತ್ತು ಉತ್ತರದ ಬೆಟಾಲಿಯನ್ನಿಗೆ ಬಂದಿಳಿದ ಸೆಕೆಂಡ್ ಲೆಫ್ಟಿನೆಂಟ್ ಯಾಯ್ರಾಳ ಮೊದಲ ತಿಂಗಳೂ ಹಾಗೇ ಇತ್ತು. ಬೂಟಿಗೆ ಮೂರು ಸಲ ಪಾಲಿಶ್, ಸಣ್ಣ ಚೀಟಿಗೂ ಎರಡು ಸಹಿ. ಸಿಪಾಯಿಗಳು ಬೆನ್ನ ಹಿಂದೆ ನಗುತ್ತಿದ್ದರು. ನಗಲಿ ಬಿಡಿ, ಅವಳ ಕಷ್ಟ ಅವಳಿಗೆ. ಅವಳಪ್ಪ ಇಪ್ಪತ್ತೆರಡು ವರ್ಷ ಇದೇ ಸೈನ್ಯದಲ್ಲಿ ಸಿಪಾಯಿಯಾಗಿದ್ದು, ಸಿಪಾಯಿಯಾಗಿಯೇ ಮನೆಗೆ ಮರಳಿದವನು. ಮನೆತನಕ್ಕೆ ಇವಳೇ ಮೊದಲ ಆಫೀಸರ್. ಅದೂ ಇನ್ನೂ ಗಟ್ಟಿಯಾಗಿರಲಿಲ್ಲ. ಮೊದಲ ವರ್ಷದ ಕೊನೆಗೆ ಅಡ್ಜುಟೆಂಟ್ ಸಾಹೇಬರು ‘ಯೋಗ್ಯಳು’ ಎಂದು ಬರೆದರೆ ನಕ್ಷತ್ರ ಉಳಿಯುತ್ತದೆ, ಇಲ್ಲದಿದ್ದರೆ ಊರಿನ ಬಸ್ಸು.

ಕಿರಿಯ ಆಫೀಸರುಗಳು ಸರದಿಯಂತೆ ಮಾಡುವ ಒಂದು ಕೆಲಸವಿತ್ತು. ಮಧ್ಯಾಹ್ನ ಸಿಪಾಯಿಗಳ ಊಟದ ಹಾಲಿಗೆ ಹೋಗಿ, “ದೂರು ಏನಾದರೂ ಇದೆಯಾ?” ಎಂದು ಕೇಳಿ, ಬಂದ ದೂರನ್ನು ಪುಸ್ತಕದಲ್ಲಿ ಬರೆಯುವುದು. ದೂರು ಎಂದೂ ಬರುತ್ತಿರಲಿಲ್ಲ. “ಅವರು ಕೇಳೋದು, ನಾವು ಇಲ್ಲ ಅನ್ನೋದು. ಹುಳ ಇದ್ರೂ ಇಲ್ಲ ಅಂತಿದ್ವಿ ಮಗಳೇ,” ಎಂದು ಅಪ್ಪ ನಗುತ್ತ ಹೇಳಿದ್ದ. ಆ ನಗು ಅವಳಿಗೆ ಹಿಡಿಸಿರಲಿಲ್ಲ.

ಅವಳ ಮೊದಲ ಸರದಿಯ ದಿನ ಮರುಭೂಮಿಯ ಕಡೆಯಿಂದ ಬೀಸುವ ಹರ್ಮಟಾನ್ ಗಾಳಿ ಧೂಳೆಬ್ಬಿಸಿ ಸೂರ್ಯನನ್ನು ಮಂಕು ಮಾಡಿತ್ತು. ಎಂಟು ಸಾಲು ಮೇಜು, ಜೋಳದ ಮುದ್ದೆ, ಬೆಂಡೆಕಾಯಿ ಸಾರು. ಜೊತೆಗೆ ಬಂದಿದ್ದ ಸಾರ್ಜೆಂಟ್ ದೇರಿ ಕೂಗಿದ ಕೂಡಲೇ ನೂರಾರು ಕೈಗಳು ತಟ್ಟೆಯ ಮೇಲೆ ನಿಂತವು.

“ದೂರು ಏನಾದರೂ ಇದೆಯಾ?”

“ಇಲ್ಲ ಮೇಡಂ!”

ಕೊನೆಯ ಸಾಲಿನಲ್ಲಿ ಒಬ್ಬ ಎದ್ದು ನಿಂತ. ಒಳಗೆ ಯಾರೂ ಟೋಪಿ ಹಾಕುವಂತಿಲ್ಲ, ಅವನ ತಲೆಯ ಮೇಲೆ ಹೆಲ್ಮೆಟ್ಟಿತ್ತು. ಹುಬ್ಬಿನವರೆಗೂ ಕೆಮ್ಮಣ್ಣಿನ ಧೂಳು. ಕೈಯಲ್ಲಿ ಕೋಲಿಗೆ ಸುತ್ತಿದ ಕೆಂಪು ಬಾವುಟ.

“ಮೇಡಂ, ನನಗೆ ಊಟ ಬಂದಿಲ್ಲ.”

“ನಿನ್ನ ಹೆಸರು?”

“ಪ್ರೈವೇಟ್ ಅಬುಗ್ರೆ, ಮೇಡಂ.”

ಅವಳು ಬರೆದುಕೊಂಡಳು. ಬರೆದು ತಲೆಯೆತ್ತಿದರೆ ಹಾಲ್ ಪೂರ್ತಿ ಅವಳನ್ನೇ ನೋಡುತ್ತಿತ್ತು. ಕೊನೆಯ ಸಾಲಿನವರು ಮಾತ್ರ ತಟ್ಟೆ ನೋಡುತ್ತಿದ್ದರು. ಅಲ್ಲಿ ನಿಂತವರು ಯಾರೂ ಇರಲಿಲ್ಲ.

ಹೊರಗೆ ಬಂದ ಮೇಲೆ ದೇರಿ ಕೇಳಿದ, “ಯಾರ ಹತ್ರ ಮಾತಾಡಿದ್ರಿ ಮೇಡಂ?” ಅವನ ದನಿಯಲ್ಲಿ ಆಶ್ಚರ್ಯವಿರಲಿಲ್ಲ, ಹೆದರಿಕೆಯಿತ್ತು.

ಅಡ್ಜುಟೆಂಟ್ ಕ್ಯಾಪ್ಟನ್ ತವಿಯಾ ಬೆಟಾಲಿಯನ್ನಿನ ಶಿಸ್ತು, ಕಾಗದಪತ್ರ ಎಲ್ಲ ನೋಡುವವನು. ನುಣ್ಣಗೆ ಬೋಳಿಸಿದ ಗದ್ದ, ಇಸ್ತ್ರಿ ಮುರಿಯದ ಅಂಗಿ, ಕಡ್ಡಿಯಂಥ ಮೈ. ಆಫೀಸರುಗಳ ಮೆಸ್ಸಿನಲ್ಲಿ ಅವನು ಉಂಡದ್ದನ್ನು ಕಂಡವರಿಲ್ಲ, ಬರೀ ಚಹಾ ಕುಡಿಯುತ್ತಿದ್ದ. ಪುಸ್ತಕದಲ್ಲಿದ್ದ ಹೆಸರು ಓದಿ ಅವನು ಪುಸ್ತಕ ಮುಚ್ಚಿಟ್ಟ.

“ಈ ಹೆಸರಿನವನು ನಮ್ಮಲ್ಲಿ ಇಲ್ಲ. ಇದ್ದ, ಆರು ವರ್ಷದ ಹಿಂದೆ ಓಡಿಹೋದ. ಯಾರೋ ನಿನ್ನನ್ನ ಆಟ ಆಡಿಸಿದ್ದಾರೆ. ಕಣ್ಣು ಬಿಟ್ಕೊಂಡು ಕೆಲಸ ಮಾಡೋದು ಕಲೀಬೇಕು ಅಂತ ಇನ್ನೂ ಏಳು ದಿನ ಇದೇ ಡ್ಯೂಟಿ. ವರ್ಷದ ಕೊನೆಗೆ ನಿನ್ನ ಬಗ್ಗೆ ಬರೆಯೋನು ನಾನು, ನೆನಪಿರಲಿ.”

ಮರುದಿನ ಅಬುಗ್ರೆ ಏಳನೆಯ ಸಾಲಿನಲ್ಲಿ ಎದ್ದು ನಿಂತ.

“ಮೇಡಂ, ನನಗೆ ಊಟ ಬಂದಿಲ್ಲ.”

ಯಾಯ್ರಾ ಕೇಳಿಸಿಕೊಂಡಳು. ಅಪ್ಪನ ಮುಖ ನೆನಪಾಯಿತು, ಊರಿನ ಬಸ್ಸು ನೆನಪಾಯಿತು. ‘ದೂರು ಇಲ್ಲ’ ಎಂದು ಬರೆದಳು. ಅಷ್ಟೇ, ಎರಡು ಪದ. ಆಮೇಲೆ ಮೆಸ್ಸಿಗೆ ಹೋಗಿ ಅನ್ನದ ಮೊದಲ ತುತ್ತು ಬಾಯಿಗಿಟ್ಟರೆ ಹಲ್ಲಿನ ನಡುವೆ ಮರಳು ಕರಕರ ಎಂದಿತು. ಅಡಿಗೆಯವನನ್ನು ಕರೆದು ಬೈದಳು. ಪಕ್ಕದಲ್ಲಿದ್ದವರು ಅದೇ ಪಾತ್ರೆಯ ಅನ್ನವನ್ನು ನೆಮ್ಮದಿಯಾಗಿ ಉಣ್ಣುತ್ತಿದ್ದರು.

ಆರನೆಯ ಸಾಲು. ಐದನೆಯ ಸಾಲು. ದಿನಕ್ಕೊಂದು ಮೇಜು ಅವನು ಹತ್ತಿರ ಬಂದ. ಅವಳು ದಿನವೂ ‘ದೂರು ಇಲ್ಲ’ ಎಂದು ಬರೆದಳು. ಬ್ರೆಡ್ಡು, ಬಾಳೆಹಣ್ಣು, ಕೊನೆಗೆ ನೀರು ಕೂಡ ಬಾಯಲ್ಲಿ ಮರಳಾಗತೊಡಗಿತು. ಬೆಲ್ಟಿಗೆ ಹೊಸ ತೂತು ಬೇಕಾಯಿತು. ಅವನು ಕೋಪಿಸಿಕೊಂಡಿದ್ದರೆ ಅವಳಿಗೆ ಸಹಿಸುವುದು ಸುಲಭವಾಗುತ್ತಿತ್ತು. ಕೋಪವೇ ಇಲ್ಲ. ದಿನವೂ ಹೊಸದಾಗಿ ಕೇಳುವವನಂತೆ, ಮರ್ಯಾದೆಯಿಂದ, ಅದೇ ಮಾತು.

ಏಳನೆಯ ದಿನ ಅವನು ಮೊದಲ ಸಾಲಿನಲ್ಲಿ, ಅವಳ ಎದುರಿಗೇ ನಿಂತಿದ್ದ. ಇಪ್ಪತ್ತು ವರ್ಷದ ಹುಡುಗ. ತುಟಿ ಒಡೆದು ಕರಿಗಟ್ಟಿತ್ತು. ಕಣ್ಣಿನ ರೆಪ್ಪೆ ಬಡಿಯಲಿಲ್ಲ, ಎದೆ ಏರಿಳಿಯಲಿಲ್ಲ. ಆದರೂ ಅವಳು ಕೇಳಿದಳು, “ಬಂದು ತಗೋಬಾರದೇನಪ್ಪಾ?”

“ಕಾವಲಲ್ಲಿದೀನಿ ಮೇಡಂ. ಬದಲಿ ಬಂದಿಲ್ಲ. ‘ನಾನೇ ಬಂದು ಕರ್ಕೊಂಡ್ ಹೋಗ್ತೀನಿ, ಅಲ್ಲಿವರೆಗೂ ಅಲ್ಲಾಡ್ಬೇಡ’ ಅಂತ ಸರ್ ಹೇಳಿದ್ರು.”

“ಯಾವ ಸರ್?”

“ಲೆಫ್ಟಿನೆಂಟ್ ತವಿಯಾ, ಮೇಡಂ.”

ಊಟದ ಹಾಲಿನ ಹಿಂದಿನ ಬೇವಿನ ಮರದಡಿ ದೇರಿಯನ್ನು ನಿಲ್ಲಿಸಿಕೊಂಡು ಬಾಯಿ ಬಿಡಿಸಿದಳು. ಆರು ವರ್ಷದ ಹಿಂದೆ ಗುಂಡು ಹಾರಿಸುವ ಮೈದಾನದಲ್ಲಿ ಅಭ್ಯಾಸ. ಆಗ ತವಿಯಾ ಇವಳ ಹಾಗೆ ಒಂಟಿ ನಕ್ಷತ್ರದವನು, ಮೊದಲ ವರ್ಷ. ದನ ಕಾಯುವವರು ಒಳಗೆ ಬಾರದಂತೆ ತಡೆಯಲು ದೊಡ್ಡ ಬಾವೊಬಾಬ್ ಮರದ ಹತ್ತಿರದ ಕಾಲುಹಾದಿಗೆ ಕೆಂಪು ಬಾವುಟ ಕೊಟ್ಟು ಅಬುಗ್ರೆಯನ್ನು ನಿಲ್ಲಿಸಿದ. ಅಭ್ಯಾಸ ಬೇಗ ಮುಗಿಯಿತು, ಲಾರಿಗಳು ಹೊರಟವು. ಕ್ಯಾಂಪಿನಲ್ಲಿ ತಲೆ ಎಣಿಸಿದಾಗ ಒಬ್ಬ ಕಡಿಮೆ.

“ನಡ್ಕೊಂಡ್ ಬರ್ತಾನೆ ಬಿಡಿ ಅಂದ್ರು ತವಿಯಾ ಸಾಹೇಬ್ರು. ಮೂರು ದಿನ ಆಯ್ತು. ಆಮೇಲೆ ಮರೆತು ಬಂದೆ ಅನ್ನೋಕೆ ಭಯ ಅವರಿಗೆ. ಓಡಿಹೋದ ಅಂತ ಬರೆದುಬಿಟ್ರು. ಅವನ ತಾಯಿ ಎರಡು ಸಲ ಗೇಟಿಗೆ ಬಂದಿದ್ಲು. ಕಳ್ಳನ ತಾಯಿ ಥರ ಓಡಿಸಿದ್ವಿ.”

“ನೀನು ಯಾಕೆ ಹೇಳಲಿಲ್ಲ?”

ದೇರಿ ನೆಲ ನೋಡಿದ. “ಯಾರೂ ಹೇಳ್ಲಿಲ್ಲ ಮೇಡಂ. ನೀವೂ ಆರು ದಿನ ಬರೀಲಿಲ್ಲ.”

ಯಾಯ್ರಾ ಅಲ್ಲೇ ಕಟ್ಟೆಯ ಮೇಲೆ ಕುಳಿತು ಪುಸ್ತಕ ತೆರೆದಳು. ಆ ದಿನದ ದೂರು ಬರೆದಳು, ಅವನ ಮಾತು ಇದ್ದ ಹಾಗೇ. ಅದರ ಕೆಳಗೆ, ಹಿಂದಿನ ಆರು ದಿನವೂ ತಾನು ಸುಳ್ಳು ಬರೆದೆ ಎಂದು ಬರೆದಳು. ಸಹಿ ಹಾಕುವಾಗ ಅಪ್ಪನಿಗೆ ಮನಸ್ಸಿನಲ್ಲೇ ಕೈ ಮುಗಿದಳು. ನಕ್ಷತ್ರ ಹೋಯಿತು ಎಂದೇ ಅವಳ ಲೆಕ್ಕ.

ತವಿಯಾ ಓದಿದ. ಕೂಗಾಡಲಿಲ್ಲ. “ನಿನ್ನ ಊಟದಲ್ಲೂ ಮರಳು ಬರ್ತಾ ಇದೆಯಾ?” ಎಂದು ಮೆಲ್ಲಗೆ ಕೇಳಿದ.

“ಏಳು ದಿನದಿಂದ ಸರ್.”

“ನನಗೆ ಆರು ವರ್ಷದಿಂದ,” ಎಂದವನೇ ಟೋಪಿ ತೆಗೆದುಕೊಂಡ. “ಜೀಪು ತರಿಸು.”

ಮೂವರೇ ಹೋದರು. ದೇರಿ ದಾರಿಯ ಹಳ್ಳಿಯಲ್ಲಿ ಇಳಿದು ಸೋರೆಬುರುಡೆಯಲ್ಲಿ ಸಜ್ಜೆ ಹಿಟ್ಟು ಕದಡಿದ ನೀರು ತಂದ. ಬಿಸಿಲಲ್ಲಿ ನಡೆದು ಬಂದವರಿಗೆ ಆ ಸೀಮೆಯಲ್ಲಿ ಮೊದಲು ಕೊಡುವುದು ಅದನ್ನೇ, ಸತ್ತವರಿಗೂ ಅದನ್ನೇ. ಆ ಹಾದಿಯಲ್ಲಿ ದನದ ಒಂದು ಗೊರಸಿನ ಗುರುತೂ ಇರಲಿಲ್ಲ. “ಆರು ವರ್ಷ ಆಯ್ತು, ಈ ಕಡೆ ಯಾರೂ ಬರಲ್ಲ,” ಎಂದ ದೂರದಲ್ಲಿ ನಿಂತ ದನಗಾಹಿ. “ಕೆಂಪು ಬಾವುಟದೋನು ತಡೀತಾನೆ.”

ಬಾವೊಬಾಬಿನ ಬುಡ ಪೊಳ್ಳಾಗಿತ್ತು. ಬಿಸಿಲಿಗೆ ಒಳಗೆ ಸರಿದು ಕುಳಿತವನು ಕುಳಿತಲ್ಲೇ ಉಳಿದಿದ್ದ. ಹೆಲ್ಮೆಟ್ಟು, ಬೂಟು, ನಡುವೆ ಬೆಳ್ಳಗಿನ ಮೂಳೆ. ಹಾವು ಕಡಿಯಿತೋ, ಬಾಯಾರಿ ಸತ್ತನೋ, ದೇವರೇ ಬಲ್ಲ. ಬಾವುಟ ಮಾತ್ರ ಹೊರಗೆ, ಹಾದಿಯ ಪಕ್ಕ ನೆಲಕ್ಕೆ ನಾಟಿಕೊಂಡು ನಿಂತಿತ್ತು. ಅದರ ಕೆಂಪು ಒಂಚೂರೂ ಮಾಸಿರಲಿಲ್ಲ.

ದೇರಿ ದಗಾಬಾ, ಸತ್ತವನು ಫ್ರಾಫ್ರಾ. ಈ ಎರಡು ಕುಲದವರು ಸಾವಿನ ಮನೆಯಲ್ಲೂ ಒಬ್ಬರನ್ನೊಬ್ಬರು ಹೀಯಾಳಿಸುವುದು ಹಿಂದಿನಿಂದ ಬಂದ ಸಲಿಗೆ. ಅವನು ಹಿಟ್ಟಿನ ನೀರು ನೆಲಕ್ಕೆ ಹೊಯ್ದು ಬೈಯತೊಡಗಿದ. “ಏಯ್ ನನ್ನ ಗುಲಾಮಾ! ನಾಯಿ ತಲೆ ತಿನ್ನೋ ಫ್ರಾಫ್ರಾ! ಆರು ವರ್ಷ ಮರದೊಳಗೆ ನಿದ್ದೆ ಹೊಡೆದಿದ್ದು ಸಾಕು ಏಳೋ. ನಿಮ್ಮಮ್ಮ ಮುದ್ದೆ ಮಾಡಿಟ್ಟವ್ಳೆ…” ಅಲ್ಲಿಗೆ ಮಾತು ನಿಲ್ಲಿಸಿ ಖಾಲಿ ಬುರುಡೆಯನ್ನು ಬೋರಲಿಟ್ಟ.

ತವಿಯಾ ಮಂಡಿಯೂರಿದ. “ತಪ್ಪಾಯ್ತು ಅಬುಗ್ರೆ. ತಪ್ಪಾಯ್ತಪ್ಪಾ.” ಬಾವುಟ ಕಿತ್ತು ತೆಗೆಯಲು ಯಾಯ್ರಾ ಎಳೆದಳು, ದೇರಿಯೂ ಎಳೆದ. ಕೋಲು ಬೇರುಬಿಟ್ಟ ಮರದಂತೆ ಅಲುಗಲೇ ಇಲ್ಲ. ಮೂಳೆಗಳನ್ನು ಎತ್ತಹೋದರೆ ಒಂದೊಂದೂ ಬಂಡೆಯಷ್ಟು ಭಾರ.

“ಕಾವಲುಗಾರನಿಗೆ ಕ್ಷಮೆ ಬೇಡ ಸರ್,” ಎಂದ ದೇರಿ ಕಣ್ಣೊರೆಸಿಕೊಳ್ಳುತ್ತ. “ಬದಲಿ ಬೇಕು.”

ತವಿಯಾ ಎದ್ದ. ಅಂಗಿಯ ಧೂಳು ಕೊಡವಿಕೊಂಡು, ಸೆಟೆದು ನಿಂತು ಸಲ್ಯೂಟ್ ಹೊಡೆದ. “ಪ್ರೈವೇಟ್ ಅಬುಗ್ರೆ, ಬದಲಿ ಬಂದಿದೆ.” ಬಾವುಟ ಮುಟ್ಟಿದ. ಅದು ಹುಲ್ಲುಕಡ್ಡಿಯ ಹಾಗೆ ಅವನ ಕೈಗೆ ಬಂತು, ಅದನ್ನು ಹಿಡಿದು ಅವನು ಅಲ್ಲೇ ಕಾವಲಿಗೆ ನಿಂತ. “ಇವನನ್ನ ಕರ್ಕೊಂಡು ಹೋಗಿ. ನಾನು ಮಾಡಿದ್ದನ್ನ ಮಿಲಿಟರಿ ಪೊಲೀಸರಿಗೂ ಹೇಳಿ,” ಎಂದ. ಆಮೇಲೆ ಯಾಯ್ರಾಳ ಕಡೆ ತಿರುಗಿ ಚಿಕ್ಕ ದನಿಯಲ್ಲಿ, “ನನ್ನನ್ನ ಕರ್ಕೊಂಡು ಹೋಗೋಕೆ ನೀನೇ ಬರ್ತೀಯಲ್ಲಾ?”

“ನಾನೇ ಬರ್ತೀನಿ ಸರ್.”

ಮೂಳೆಗಳು ಈಗ ಹತ್ತಿಯಷ್ಟು ಹಗುರವಾಗಿದ್ದವು. ಕಂಬಳಿಯಲ್ಲಿ ಸುತ್ತಿ ಜೀಪಿಗೆ ಹಾಕಿಕೊಂಡು ಹೊರಟಾಗ ಅವಳ ಗಡಿಯಾರದಲ್ಲಿ ಮೂರು ಗಂಟೆ. ಹೋಗಿ ಒಪ್ಪಿಸಿ, ಪೊಲೀಸರನ್ನು ಕರೆದುಕೊಂಡು, ಒಂದು ಡಬ್ಬಿ ಮುದ್ದೆ ಕಟ್ಟಿಸಿಕೊಂಡು ಮರಳಿದಾಗ ಐದು. ಹೊತ್ತು ಇನ್ನೂ ಮುಳುಗಿರಲಿಲ್ಲ.

ಮರದ ಕೆಳಗೆ ಬಾವುಟ ಹಿಡಿದು ನಿಂತವನನ್ನು ಅವಳು ಮೊದಲು ಗುರುತಿಸಲಿಲ್ಲ. ಎದೆಗಿಳಿದ ಗಡ್ಡ, ಅರ್ಧ ನೆರೆತದ್ದು. ಅಂಗಿ ಬಿಸಿಲಿಗೆ ಮಾಸಿ ಚಿಂದಿಯಾಗಿತ್ತು. ಹುಬ್ಬಿನವರೆಗೂ ಕೆಂಪು ಧೂಳು. ಹಿಂದೆ ಬಂದ ಪೊಲೀಸರು ಜೀಪಿನಿಂದ ಇಳಿಯಲಿಲ್ಲ.

“ಸರ್, ಎರಡೇ ಗಂಟೆ ಆಗಿದ್ದು…”

ಅವನು ಅವಳನ್ನು ನೋಡಿದ. ಒಡೆದ ತುಟಿ ನಿಧಾನವಾಗಿ ಬಿಚ್ಚಿಕೊಂಡಿತು.

“ಆರು ಮಳೆಗಾಲ ಎಣಿಸಿದೆ,” ಎಂದ. ಆಮೇಲೆ ತನಗಿಂತ ಕಿರಿಯಳಾದ ಆಫೀಸರಿಗೆ ಸೆಟೆದು ನಿಂತು ಸಲ್ಯೂಟ್ ಹೊಡೆದ.

“ಮೇಡಂ, ನನಗೆ ಊಟ ಬಂದಿಲ್ಲ.”

ಯಾಯ್ರಾ ಡಬ್ಬಿ ತೆರೆದು ಅವನ ಕೈಗಿತ್ತಳು. ಅವನು ಉಣ್ಣುವವರೆಗೂ ಪಕ್ಕದಲ್ಲೇ ನಿಂತಿದ್ದಳು. ಅವನ ಹಲ್ಲಿನಲ್ಲಿ ಕರಕರ ಸದ್ದು ಬರಲಿಲ್ಲ. ಆಮೇಲೆ ಪುಸ್ತಕ ತೆಗೆದು, ಹೆಸರು, ಜಾಗ, ಹೊತ್ತು, ದೂರು ಎಲ್ಲವನ್ನೂ ಬರೆದಳು.