ಮೂರನೇ ನಲ್ಲಿ

ನಮ್ಮ ಕ್ಲಬ್ಬಿನ ಬಾರಿನಲ್ಲಿ ಐದು ಬಿಯರ್ ನಲ್ಲಿಗಳಿವೆ. ಐದರಲ್ಲೂ ಬರುವುದು ಒಂದೇ ಬಿಯರ್. ಕ್ಲಬ್ ಕಟ್ಟಿದ ಹಿರಿಯರಿಗೆ ಐದು ನಲ್ಲಿ ಸಾಲಾಗಿ ಹೊಳೆಯುತ್ತಿದ್ದರೆ ಲಕ್ಷಣವಾಗಿರುತ್ತದೆ ಅನ್ನಿಸಿತಂತೆ. ಅವುಗಳಲ್ಲಿ ಏನೇನು ಬರಬೇಕು ಎಂದು ಯೋಚಿಸುವಷ್ಟರಲ್ಲಿ ಅವರ ಅವಧಿ ಮುಗಿಯಿತು. ಇಪ್ಪತ್ತೆರಡು ವರ್ಷದಿಂದ ನಾನು ಆ ನಲ್ಲಿಗಳ ಹಿಂದೆ ನಿಂತಿದ್ದೇನೆ, ಇಪ್ಪತ್ತೆರಡು ವರ್ಷದಿಂದ ಸದಸ್ಯರು ಆ ಬಿಯರನ್ನು ಬೈಯುತ್ತಲೇ ಕುಡಿಯುತ್ತಿದ್ದಾರೆ. "ಒಂದನೇ ನಲ್ಲೀದು ಬೇಡಪ್ಪ, ನಾಲ್ಕನೇದು ಹಾಕು, ಅದು ಸ್ವಲ್ಪ ವಾಸಿ" ಅನ್ನುವವರೂ ಇದ್ದಾರೆ. ನಾನು "ಆಗ್ಲಿ ಸರ್" ಎಂದು ನಾಲ್ಕನೆಯದನ್ನು ಎಳೆಯುತ್ತೇನೆ. ಈ ಕೆಲಸದಲ್ಲಿ ಉಳಿಯಬೇಕಾದರೆ ನಗು ಹೊಟ್ಟೆಯೊಳಗೆ ಇರಬೇಕು, "ಆಗ್ಲಿ ಸರ್" ನಾಲಿಗೆಯ ಮೇಲಿರಬೇಕು.

ಈ ವರ್ಷ ಹೊಸ ಸಮಿತಿ ಬಂತು. ಬಂದದ್ದೇ ತಡ, ಒಂದು ನಲ್ಲಿಯಲ್ಲಾದರೂ ಕ್ರಾಫ್ಟ್ ಬಿಯರ್ ಬರಬೇಕು ಎಂದು ಠರಾವು ಮಾಡಿತು. ಸಣ್ಣ ಸಣ್ಣ ಜಾಗಗಳಲ್ಲಿ ಯಾರೋ ಒಬ್ಬರು ಕೈಯಾರೆ ಕುದಿಸಿ, ಹುಳಿಸಿ, ನಿದ್ದೆಗೆಟ್ಟು ಮಾಡುವ ಬಿಯರು ಅದು. ಅದನ್ನು ಆರಿಸಲು ಮೂರು ತಿಂಗಳಲ್ಲಿ ಒಂಬತ್ತು ಸಭೆ ನಡೆದವು. ಅಳೆದೂ ಸುರಿದೂ ಐದು ಬಿಯರ್‌ಗಳ ಪಟ್ಟಿ ಮಾಡಿದರು, ಸುರಿಯುವುದಂತೂ ಇನ್ನೂ ಬಾಕಿ ಇತ್ತು. ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಯಾವುದು ಯಾರದೆಂದು ತಿಳಿಯದಂತೆ ಐದನ್ನೂ ರುಚಿ ನೋಡುವುದು ಎಂದು ತೀರ್ಮಾನವಾಯಿತು.

ರುಚಿ ನೋಡುವವರು ಮೂವರು. ಕ್ಲಬ್ಬಿನ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಅವರು ಕೋರ್ಟು ಬಿಟ್ಟರೂ ಕೋರ್ಟು ಅವರನ್ನು ಬಿಟ್ಟಿಲ್ಲ, ಕಡಲೆಬೀಜದ ತಟ್ಟೆ ತಡವಾದರೂ ವಿಚಾರಣೆ ಆಗಬೇಕು. ಎರಡನೆಯವರು ಹಲ್ಲಿನ ಡಾಕ್ಟರು. ಅವರಿಗೆ ಸ್ವಂತ ಅಭಿಪ್ರಾಯ ಎನ್ನುವುದು ಹುಳುಕು ಹಲ್ಲಿದ್ದಂತೆ, ಇದ್ದರೆ ನೋವು, ಆದ್ದರಿಂದ ಆದಷ್ಟು ಬೇಗ ಕಿತ್ತುಬಿಡುತ್ತಾರೆ. ಮೂರನೆಯವರು ಕಟ್ಟಡಗಳ ನಕ್ಷೆ ಬರೆಯುವವರು. ಎರಡು ವರ್ಷದ ಹಿಂದೆ ಹನ್ನೊಂದು ದಿನ ವಿದೇಶ ಸುತ್ತಿ ಬಂದರು, ಬಂದಾಗಿನಿಂದ ಯಾವ ಗ್ಲಾಸನ್ನೂ ಮೂಸದೆ ಬಾಯಿಗಿಟ್ಟಿಲ್ಲ. ನಾವು ಕೆಲಸದವರು ಅವರಿಗಿಟ್ಟ ಹೆಸರು ಮೂಗುರಾಯರು. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಇವರಲ್ಲಿ ಮೂಗೇ ಮನುಷ್ಯನಿಗಿಂತ ಭಾರ. ಬಡಿಸುವ ಕೆಲಸ ಕಾರ್ಯದರ್ಶಿ ಮೇಡಂ ಅವರದು. "ಒಂದು ಹನಿ ಬಿಯರೂ ಮೋರಿಗೆ ಹೋಗಬಾರದು" ಎಂದು ಕೌಂಟರಿನ ಹಿಂದೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದವರು ಅವರೇ.

ಆ ಐದರಲ್ಲಿ ಒಂದು ನನ್ನ ತಂಗಿಯದು.

ಒಂದು ದೊಡ್ಡ ಬಿಯರ್ ಕಾರ್ಖಾನೆಯ ಲ್ಯಾಬಿನಲ್ಲಿ ಅವಳು ಒಂಬತ್ತು ವರ್ಷ ದುಡಿದಳು. ಬಾಟಲಿ ತೆಗೆದು, ಮೂಸಿ, ಅಳೆದು, "ಸರಿ ಇದೆ" ಎಂದು ಬರೆಯುವುದೇ ಕೆಲಸ. ಹತ್ತನೇ ವರ್ಷ ಆ ಎರಡು ಪದ ಬರೆಯಲಾರೆನೆಂದು ಬಿಟ್ಟು ಬಂದಳು. ಹಳೆಯ ಗ್ಯಾರೇಜೊಂದನ್ನು ಬಾಡಿಗೆಗೆ ಹಿಡಿದು, ಎರಡು ಟ್ಯಾಂಕು ಇಟ್ಟುಕೊಂಡು ತನ್ನದೇ ಬಿಯರ್ ಮಾಡಲು ಶುರು ಮಾಡಿದಳು. ಹಾಲು ಹಾಕದ ಚಹಾದ ಕೆಂಪು ಬಣ್ಣ ಅದಕ್ಕೆ. ಮನೆಯವರೆಲ್ಲ ಚೆನ್ನಾಗಿದೆ ಅಂದೆವು. ಅವಳು ನಂಬಲಿಲ್ಲ.

"ಅಣ್ಣಾ, ಮನೆಯವ್ರು ಸುಳ್ಳು ಹೇಳ್ತೀರ, ಅದು ಪ್ರೀತಿ" ಅಂದಳು ಹಿಂದಿನ ದಿನ. "ನನ್ನ ಮುಖ ನೋಡದೇ ಇರೋ ಮೂರು ಜನ ಕುಡಿದು ಏನಂತಾರೆ, ಅದೊಂದು ಕೇಳ್ಬೇಕು. ಚೆನ್ನಾಗಿಲ್ಲ ಅಂದ್ರೆ ಸೋಮವಾರ ಹಳೇ ಕೆಲ್ಸಕ್ಕೆ ವಾಪಸ್. ಅವ್ರು ಇನ್ನೂ ಕರೀತಾನೇ ಇದ್ದಾರೆ."

ಬಾಯಿಮಾತಿಗೆ ಹೇಳುವವಳಲ್ಲ ಅವಳು. ಚಿಕ್ಕವಳಿದ್ದಾಗ ಈಜು ಬರುವುದಿಲ್ಲವೆಂದು ಯಾರೋ ನಕ್ಕರೆಂದು ಕೆರೆಯ ಕಡೆ ಮತ್ತೆ ತಲೆ ಹಾಕಿಯೂ ಮಲಗಲಿಲ್ಲ. ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಇಲ್ಲಿ ನಮ್ಮ ಕಸುಬಿನ ಒಂದು ಸಣ್ಣ ಸಂಗತಿ ಹೇಳಬೇಕು. ಬಿಯರಿನ ಪೀಪಾಯಿಗಳಿರುವುದು ಕಟ್ಟಡದ ಆ ತುದಿಯ ನೆಲಮಾಳಿಗೆಯಲ್ಲಿ. ಅಲ್ಲಿಂದ ಪೈಪುಗಳು ಇಸ್ಪೀಟು ಕೋಣೆಯ ಅಡಿಯಲ್ಲಿ ಹಾದು ಬಾರಿಗೆ ಬರುತ್ತವೆ. ಒಂದೊಂದು ಪೈಪಿನೊಳಗೂ ಯಾವಾಗಲೂ ಒಂದೂವರೆ ಜಗ್ಗು ಬಿಯರ್ ನಿಂತಿರುತ್ತದೆ. ಪೀಪಾಯಿ ಬದಲಾಯಿಸಿದರೆ ಮೊದಲು ಬರುವುದು ಹಳೆಯದೇ, ಅದನ್ನು ಸುರಿದು ಖಾಲಿ ಮಾಡಿದ ಮೇಲೆ ಹೊಸದು. ಬಾರಿನಲ್ಲಿ ಒಂದು ವಾರ ಕೆಲಸ ಮಾಡಿದವನಿಗೂ ಇದು ಗೊತ್ತು. ಬಾರಿನ ಆಚೆ ಕೂತು ನಲವತ್ತು ವರ್ಷ ಕುಡಿದವರಿಗೆ ಗೊತ್ತಿಲ್ಲ.

ಭಾನುವಾರ ಒಂಬತ್ತಕ್ಕೆ ಐದು ಹೊಸ ಪೀಪಾಯಿಗಳನ್ನು ಐದು ಪೈಪಿಗೆ ಜೋಡಿಸಿದೆ. ತಂಗಿಯದಕ್ಕೆ ಮೂರನೇ ನಲ್ಲಿ, ಅವಳಿಗೂ ಅದನ್ನು ಹೇಳಿದ್ದೆ. ಮೇಡಂ ಕಣ್ಣು ತಪ್ಪಿಸಿ ಹತ್ತೂಮುಕ್ಕಾಲಿಗೆ ಹಳೆಯದನ್ನು ಮೋರಿಗೆ ಬಿಡೋಣವೆಂದು ಕಾದಿದ್ದೆ. ಹತ್ತೂವರೆಗೆ ಅಧ್ಯಕ್ಷರು ಬಂದರು, ಪಟ್ಟಿ ಕೈಯಲ್ಲಿತ್ತು.

"ಇದ್ರಲ್ಲಿ ಒಂದು ನಿನ್ನ ತಂಗೀದಂತೆ?"

"ಹೌದು ಸರ್."

"ಹಾಗಾದ್ರೆ ನೀನು ಕೌಂಟರ್ ಮುಟ್ಟೋ ಹಾಗಿಲ್ಲ. ಆ ಗೋಡೆ ಹತ್ರ ನಿಂತ್ಕೋ. ಕೈ ಎರಡೂ ಹಿಂದೆ."

"ಆಗ್ಲಿ ಸರ್. ಆದ್ರೆ ಪೈಪಲ್ಲಿ ಇನ್ನೂ..."

"ಸಂಬಂಧಪಟ್ಟವ್ರು ಬಾಯಿ ತೆಗೀಬಾರ್ದು. ನ್ಯಾಯ ಅಂದ್ರೆ ನ್ಯಾಯ."

ಗೋಡೆಗೆ ಹೋಗಿ ನಿಂತೆ. ತಂಗಿಯನ್ನು ಒಳಗೆ ಬಿಡಲಿಲ್ಲ, ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಕೂತಳು. ಬಾಗಿಲು ತೆರೆದೇ ಇತ್ತು. ಬಣ್ಣ ನೋಡಿ ಮನಸ್ಸು ಕೆಡಬಾರದೆಂದು ಮೂಗುರಾಯರು ಗ್ಲಾಸಿನ ಬದಲು ಅಡುಗೆಮನೆಯಿಂದ ಕಾಫಿಯ ಪಿಂಗಾಣಿ ಮಗ್ಗುಗಳನ್ನು ತರಿಸಿದ್ದರು.

ಮೇಡಂ ಮೊದಲನೇ ನಲ್ಲಿ ಎಳೆದರು. ಬಂದದ್ದು ಹಳದಿ, ನಿನ್ನೆ ಸಂಜೆ ಇದೇ ಮೂಗುರಾಯರು "ಇದನ್ನ ಕುದುರೆಗೂ ಕೊಡ್ಬೇಡ" ಎಂದು ವಾಪಸ್ ಕಳಿಸಿದ ಅದೇ ಹಳದಿ. ನಾನು ಇನ್ನೊಮ್ಮೆ ಬಾಯಿ ತೆರೆಯಬಹುದಿತ್ತು. ಅಷ್ಟರಲ್ಲಿ ಮೂಗುರಾಯರು ಮಗ್ಗನ್ನು ಮೂಗಿಗಿಟ್ಟು ಕಣ್ಣು ಮುಚ್ಚಿದರು.

"ಮೊದ್ಲು ಕಿತ್ತಳೆ ಸಿಪ್ಪೆ" ಅಂದರು. "ಆಮೇಲೆ ಹುಲ್ಲುಗಾವಲು. ಕೊನೇಲಿ ಏನೋ ಒಂದು ಒಂಟಿತನ."

ಡಾಕ್ಟರು "ಒಂಟಿತನ" ಎಂದು ಬರೆದುಕೊಂಡು, "ನಂಗೂ ಅದೇ ಅನ್ನಿಸ್ತು" ಅಂದರು.

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ: ನನಗೆ ಬಹಳ ಖುಷಿಯಾಯಿತು. ಇಪ್ಪತ್ತೆರಡು ವರ್ಷ ಹೊಟ್ಟೆಯೊಳಗೆ ಒತ್ತಿಟ್ಟ ನಗೆಗೆ ಇವತ್ತು ಹಬ್ಬ ಅನ್ನಿಸಿತು. ಆಡಲಿ, ಎಷ್ಟು ದೂರ ಹೋಗುತ್ತಾರೋ ನೋಡೋಣ ಎಂದು ಗೋಡೆಗೊರಗಿ ನಿಂತೆ. ಎರಡನೇ ಮಗ್ಗಿಗೆ ಮೂಗುರಾಯರು "ಇದಕ್ಕೆ ಸಂಕೋಚ ಜಾಸ್ತಿ" ಎಂದರು. ಅಧ್ಯಕ್ಷರು ಸಂಕೋಚಕ್ಕೆ ನಾಲ್ಕು ಅಂಕ ಕೊಟ್ಟರು. ನಾನು ಕೆನ್ನೆಯೊಳಗೆ ಕಚ್ಚಿಕೊಂಡು ಚಾವಣಿ ನೋಡುತ್ತಿದ್ದೆ.

ಮೇಡಂ ಮೂರನೇ ನಲ್ಲಿ ಎಳೆದರು. ಕೆಂಪು ಬರಬೇಕಾದಲ್ಲಿ ಹಳದಿ ಬಂತು.

ಮೂಗುರಾಯರು ಮೂಸಿದವರೇ ಮುಖ ಕಿವುಚಿದರು. "ಒದ್ದೆ ರಟ್ಟು! ನೀರಲ್ಲಿ ನೆಂದು ಬೂಷ್ಟು ಹಿಡಿದ ರಟ್ಟಿನ ಡಬ್ಬ. ಇದನ್ನ ಮಾಡಿದವ್ರಿಗೆ ಬೇರೆ ಏನಾದ್ರೂ ಕೆಲ್ಸ ನೋಡ್ಕೊಳ್ಳೋಕೆ ಹೇಳಿ."

ಡಾಕ್ಟರು ನಕ್ಕು "ಬಾಯಿ ತೊಳ್ಕೋಬೇಕು" ಅಂದರು. ಅಧ್ಯಕ್ಷರು ಸೊನ್ನೆ ಬರೆದು ಅದರ ಕೆಳಗೆ ಗೆರೆ ಎಳೆದರು.

ಹೊರಗೆ ಬೆಂಚು ಕಿರ್ ಎಂದಿತು. ಪಡಸಾಲೆಯಲ್ಲಿ ಚಪ್ಪಲಿಯ ಸದ್ದು ಬಾಗಿಲಿನ ಕಡೆ ಹೋಯಿತು, ಅವಸರವಿಲ್ಲದ ಸದ್ದು. ನನ್ನ ನಗೆಯ ಹಬ್ಬ ಅಲ್ಲಿಗೆ ಮುಗಿಯಿತು. ಆಗಲಾದರೂ ಕೂಗಬೇಕಿತ್ತು. ಇಪ್ಪತ್ತೆರಡು ವರ್ಷ "ಆಗ್ಲಿ ಸರ್" ಅಂದ ನಾಲಿಗೆ ಒಂದು ಗಳಿಗೆಯಲ್ಲಿ ತಿರುಗುವುದಿಲ್ಲ.

ನಾಲ್ಕನೆಯದು ಗೆದ್ದಿತು. ಅದು "ಬಿಯರ್ ಅಲ್ಲ, ಒಂದು ಅನುಭವ"ವಂತೆ. ಐದನೆಯದಕ್ಕೆ ಅವರಲ್ಲಿ ವಿಶೇಷಣ ಉಳಿದಿರಲಿಲ್ಲ, ಆದ್ದರಿಂದ "ಪರವಾಗಿಲ್ಲ" ಎಂದು ಬರೆದು ಊಟಕ್ಕೆ ಎದ್ದರು.

ತಂಗಿಯ ಗ್ಯಾರೇಜು ಮೂರು ಬೀದಿ ಆಚೆ. ಏದುಸಿರು ಬಿಡುತ್ತಾ ಓಡಿದೆ. ಅವಳು ದೊಡ್ಡ ಟ್ಯಾಂಕಿನ ಕೆಳಗಿನ ಕೊಳಾಯಿ ತೆರೆದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಕೆಂಪು ಬಿಯರ್ ಸಿಮೆಂಟು ನೆಲದ ಮೇಲೆ ಹರಿದು ಚರಂಡಿಗೆ ಬೀಳುತ್ತಿತ್ತು. ನಾನು ಹೋಗಿ ಕೊಳಾಯಿ ಮುಚ್ಚಿದೆ.

"ಬಿಡು ಅಣ್ಣಾ. ಬೇರೆ ಕೆಲ್ಸ ನೋಡ್ಕೋ ಅಂದ್ರು, ನೋಡ್ಕೋತೀನಿ. ನಾಳೆ ಬರ್ತೀನಿ ಅಂತ ಫೋನ್ ಮಾಡೋಣ ಅಂತಿದ್ದೆ."

"ಅವ್ರು ಕುಡಿದಿದ್ದು ನಿಂದಲ್ಲ ಕಣೇ. ಪೈಪಲ್ಲಿದ್ದ ಹಳೇದು. ಐದು ಸಲಾನೂ ಅದನ್ನೇ ಕುಡಿದ್ರು."

ಅವಳು ತಲೆ ಎತ್ತಿದಳು. ಲ್ಯಾಬಿನಲ್ಲಿ ಬಾಟಲಿ ನೋಡುತ್ತಿದ್ದಳಲ್ಲ, ಹಾಗೆ ನನ್ನನ್ನು ನೋಡಿದಳು.

"ನಿಂಗೆ ಯಾವಾಗ ಗೊತ್ತಾಯ್ತು?"

"ಒಂದನೇ ಮಗ್ಗಲ್ಲೇ."

"ಮೂರನೇದರ ತನಕ ಏನ್ಮಾಡ್ತಿದ್ದೆ?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬಂದದ್ದು ನಿಜವೇ. "ಮಜಾ ತಗೋತಿದ್ದೆ."

ಅವಳು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕೈ ಒರೆಸಿಕೊಂಡು ಎದ್ದಳು. "ಇಲ್ಲಿ ಹೇಳಿದ್ಯಲ್ಲ, ಅದನ್ನ ಹೋಗಿ ಅಲ್ಲಿ ಹೇಳು. ಆಮೇಲೆ ನೋಡೋಣ ನಾನು ಎಲ್ಲಿಗೆ ಫೋನ್ ಮಾಡ್ಬೇಕು ಅಂತ."

ನಾನು ವಾಪಸು ಬರುವಷ್ಟರಲ್ಲಿ ನಾಲ್ವರೂ ಊಟ ಮುಗಿಸಿ ಬಾರಿನಲ್ಲಿ ಕೂತು ನಡಾವಳಿ ಬರೆಯುತ್ತಿದ್ದರು. ಅಧ್ಯಕ್ಷರು ಹೇಳುತ್ತಿದ್ದರು, ಡಾಕ್ಟರು ಬರೆಯುತ್ತಿದ್ದರು. ಬೆಕ್ಕಿಗೆ ಗಂಟೆ ಕಟ್ಟುವುದು ಕಷ್ಟ ಎಂದು ಇಲಿಗಳಿಗೆ ಅನ್ನಿಸಿದ್ದು ಸಹಜ, ನನ್ನ ಮುಂದೆ ನಾಲ್ಕು ಬೆಕ್ಕುಗಳಿದ್ದವು.

"ಸರ್, ಬೆಳಿಗ್ಗೆ ನೀವು ಕುಡಿದಿದ್ದು ಐದು ಬಿಯರ್ ಅಲ್ಲ. ದಿನಾ ಕುಡಿಯೋ ನಮ್ಮ ಬಿಯರ್‌ನೇ ಐದು ಸಲ ಕುಡಿದ್ರಿ." ಪೈಪಿನ ಸಂಗತಿ ಹೇಳಿದೆ. ನನಗೆ ಗೊತ್ತಿದ್ದೂ ಸುಮ್ಮನಿದ್ದೆ ಎಂದೂ ಹೇಳಿದೆ.

"ಅಸಾಧ್ಯ" ಅಂದರು ಅಧ್ಯಕ್ಷರು. "ನಾಲ್ಕನೇದು ಗೆದ್ದಿದೆ ಅಂತ ದಾಖಲಾಗಿದೆ."

ಮೂಗುರಾಯರು ಮೂಗು ಸವರಿಕೊಂಡು, "ನಂಗೆ ಆಗ್ಲೇ ಅನುಮಾನ ಬಂದಿತ್ತು. ಐದರಲ್ಲೂ ಏನೋ ಒಂದು ಹೋಲಿಕೆ ಇತ್ತು" ಅಂದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಡಾಕ್ಟರು "ಹೋಲಿಕೆ" ಎಂದು ಬರೆದುಕೊಂಡರು.

ನಾನು ಕೌಂಟರಿನ ಹಿಂದೆ ಹೋಗಿ ಮೂರನೇ ನಲ್ಲಿ ಎಳೆದು, ಸೀದಾ ಸಿಂಕಿಗೆ ಬಿಟ್ಟೆ.

"ಏಯ್, ಮೋರಿಗಾ?" ಎಂದು ಮೇಡಂ ಎದ್ದೇ ಬಿಟ್ಟರು. ಅವರು ಬರೆದು ಅಂಟಿಸಿದ ನೋಟೀಸು ನನ್ನ ತಲೆಯ ಮೇಲೇ ಇತ್ತು. ಅಪ್ಪಣೆ ಕೇಳಲಿಲ್ಲ, ನಲ್ಲಿ ಬಿಡಲಿಲ್ಲ. ಹಳದಿ ಬಂತು. ಬಹಳ ಹೊತ್ತು ಹಳದಿಯೇ ಬಂತು, ಎಷ್ಟೆಂದರೆ ನನಗೇ ಭಯವಾಯಿತು. ಆಮೇಲೆ ಒಂದು ಕೆಂಪು ಎಳೆ ಕಾಣಿಸಿತು, ನೋಡುನೋಡುತ್ತಾ ಪೂರ್ತಿ ಕೆಂಪಾಯಿತು. ಮೇಡಂ ಕೂತರು.

ಈ ಸಲ ಗ್ಲಾಸಿನಲ್ಲೇ ಕೊಟ್ಟೆ. ಮೂಗುರಾಯರು ಮೂಸಲು ಹೋಗಿ, ನಾಲ್ಕು ಜನ ನೋಡುತ್ತಿದ್ದುದರಿಂದ ಸುಮ್ಮನೆ ಕುಡಿದರು. ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು, ಮತ್ತೆ ಕುಡಿದರು. ಡಾಕ್ಟರು ಪೆನ್ನು ಹಿಡಿದು ಅವರ ಬಾಯನ್ನೇ ಕಾಯುತ್ತಾ, ಕಾದು ಸಾಕಾಗಿ ತಮ್ಮ ಗ್ಲಾಸು ಖಾಲಿ ಮಾಡಿದರು. ಅಧ್ಯಕ್ಷರು ಕೊನೆಯ ಹನಿಯವರೆಗೆ ಕುಡಿದು ಮೀಸೆ ಒರೆಸಿಕೊಂಡರು.

"ಇನ್ನೊಂದು ಹಾಕು" ಅಂದರು.

ಆ ಬೆಳಿಗ್ಗೆಯಿಂದ ಆ ಮೂವರಲ್ಲಿ ಯಾರಾದರೂ ಆಡಿದ ಮೊದಲ ಪ್ರಾಮಾಣಿಕ ಮಾತು ಅದು. ತಂಗಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಾಗಿತ್ತೋ ಗೊತ್ತಿಲ್ಲ.

ಅಧ್ಯಕ್ಷರು ಎರಡನೇ ಗ್ಲಾಸು ಅರ್ಧ ಇಳಿಸಿ ಕೇಳಿದರು, "ಇದಕ್ಕೆ ಹೆಸ್ರೇನಮ್ಮ? ದಾಖಲೆ ತಿದ್ದಬೇಕಲ್ಲ."

"ನೀವೇ ಇಟ್ಟಿದ್ದೀರಲ್ಲ ಸರ್" ಅಂದಳು ತಂಗಿ. "ತಿದ್ದೋದು ಬೇಡ. ಮೂರನೇದು ಅಂತ ಇರುತ್ತೆ, ಓದಿ."

ಡಾಕ್ಟರು ಪುಟ ತಿರುಗಿಸಿ ಬಹಳ ಸಣ್ಣ ದನಿಯಲ್ಲಿ ಓದಿದರು. "ಒದ್ದೆ ರಟ್ಟು."

ಈಗ ಮೂರನೇ ನಲ್ಲಿಗೆ ಮರದ ಹಿಡಿಕೆ ಬಂದಿದೆ, ಅದರ ಮೇಲೆ ಆ ಹೆಸರು ಕೊರೆದಿದೆ. ಹೆಸರು ಬದಲಾಯಿಸುವುದಾದರೆ ಬಿಯರ್ ಕೊಡುವುದಿಲ್ಲ ಎಂದು ಅವಳು ಕರಾರಿನಲ್ಲೇ ಬರೆಸಿದ್ದಾಳೆ. ದಿನಾ ಸಂಜೆ ಮೂಗುರಾಯರು ಬಂದು ಕೂತು, ಅತ್ತಿತ್ತ ನೋಡಿ, "ಒಂದು ಅದು ಕೊಡಪ್ಪ" ಅನ್ನುತ್ತಾರೆ. "ಯಾವುದು ಸರ್?" ಅನ್ನುತ್ತೇನೆ. "ಒದ್ದೆ ರಟ್ಟು" ಎಂದು ಅವರ ಬಾಯಿಂದ ಬರುವವರೆಗೆ ನನಗೆ ಕಿವಿ ಕೇಳಿಸುವುದಿಲ್ಲ.

ತಂಗಿ ಹಳೆಯ ಕೆಲಸಕ್ಕೆ ಹೋಗಲಿಲ್ಲ. ಸೋಮವಾರ ಸೋಮವಾರ ಪೀಪಾಯಿ ತರುತ್ತಾಳೆ, ಪೈಪಿನ ಹಳೆಯದನ್ನು ತಾನೇ ಮೋರಿಗೆ ಬಿಡುತ್ತಾಳೆ. ಆಗ ಮೇಡಂ ಕಿಟಕಿಯ ಕಡೆ ತಿರುಗಿಕೊಳ್ಳುತ್ತಾರೆ. ಎರಡು ತಿಂಗಳು ಅವಳು ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಒಂದು ಗ್ಲಾಸು ಹಾಕಿ ನನ್ನ ಮುಂದಿಟ್ಟು "ಹೇಗಿದೆ?" ಅನ್ನುವಳು. ನಾನು "ಚೆನ್ನಾಗಿದೆ" ಅನ್ನುವೆ. ಅವಳು ಗ್ಲಾಸು ತೊಳೆದಿಟ್ಟು ಹೋಗುವಳು.

ಕಳೆದ ವಾರ ಸ್ವಲ್ಪ ಕಹಿ ಜಾಸ್ತಿಯಾಗಿತ್ತು. ಗ್ಲಾಸು ಕೆಳಗಿಟ್ಟು, "ಕಹಿ ಜಾಸ್ತಿ ಆಗಿದೆ ಕಣೇ" ಅಂದೆ. ಅವಳು ತಾನೂ ಒಂದು ಗುಟುಕು ಕುಡಿದು ತಲೆಯಾಡಿಸಿದಳು.

"ಗೊತ್ತು ಅಣ್ಣಾ" ಅಂದಳು, ಎರಡು ತಿಂಗಳ ಮೇಲೆ ನನ್ನ ಮುಖ ನೋಡಿ ನಕ್ಕಳು. "ನೀನು ಹೇಳ್ತೀಯೋ ಇಲ್ವೋ ಅಂತ ನೋಡ್ತಿದ್ದೆ."